ಡ್ರಾಯರಿನೊಳಗಿನ ಗಣಿ

ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರಿನಲ್ಲಿ ಒಂದು ಗಣಿಯಿದೆ. ಸತ್ತ ಮೊಬೈಲು ನಾಲ್ಕು, ಲ್ಯಾಪ್‌ಟಾಪ್ ಬ್ಯಾಟರಿ ಒಂದು, ಪೂರಿಯಂತೆ ಉಬ್ಬಿದ ಪವರ್ ಬ್ಯಾಂಕ್ ಒಂದು. ಬ್ಯಾಟರಿಗೆ ಬೇಕಾದ ಕೋಬಾಲ್ಟು, ಲಿಥಿಯಂ ಎಲ್ಲ ಉಂಟು. ಮಂಡ್ಯದ ನಿಕ್ಷೇಪಕ್ಕಿಂತ ಇದೇ ನಂಬಿಕಸ್ತ. ಅಲ್ಲಿನ ಮಾರ್ಲಗಲ್ಲ-ಅಲ್ಲಾಪಟ್ಟಣದ ಲಿಥಿಯಂ 2020ರಲ್ಲಿ 14,100 ಟನ್ ಎಂದು ಸುದ್ದಿಯಾಗಿ, ಮರುವರ್ಷ ಸರ್ಕಾರಿ ಲೆಕ್ಕಕ್ಕೆ ಬರುವಷ್ಟರಲ್ಲಿ 1,600 ಟನ್ನಿಗೆ ಇಳಿದಿತ್ತು. ನಮ್ಮ ಡ್ರಾಯರು ಕುಗ್ಗಿದ್ದೇ ಇಲ್ಲ.

ಈ ಸಂಪತ್ತನ್ನು ದೇಶಕ್ಕೆ ಅರ್ಪಿಸೋಣವೆಂದು ಬೆಳಿಗ್ಗೆ ಕಸದ ಆಟೊ ಮುಂದೆ ನಿಂತೆ. "ಅಕ್ಕಾ, ಇದು ಹಸಿನೋ ಒಣನೋ?" ಆಕೆ ಪವರ್ ಬ್ಯಾಂಕಿನ ಹೊಟ್ಟೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಗಾಡಿಗೆ ಬೆಂಕಿ ಹತ್ಕಂಡ್ರೆ ನೀವು ಬರ್ತೀರಾ ಸಾರ್?" ಎಂದರು. ಗುಜರಿಯವನು ಕೈಯಲ್ಲೇ ತೂಗಿ, "ಯುಪಿಎಸ್ ಬ್ಯಾಟರಿ ಇದ್ರೆ ತನ್ನಿ, ಕೆಜಿ ಲೆಕ್ಕ. ಇದ್ರಲ್ಲಿ ಸೀಸ ಇಲ್ಲ" ಎಂದು ವಾಪಸು ಕೊಟ್ಟ.

ಅತ್ತ ದಿಲ್ಲಿಯಲ್ಲಿ ಇದೇ ಮಾಲಿಗೆ ಮರ್ಯಾದೆಯೇ ಬೇರೆ. 2025ರ ಬಜೆಟ್ಟಿನಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಗುಜರಿಯ ಆಮದು ಸುಂಕವನ್ನೇ ತೆಗೆದರು. ಹೊರದೇಶದವರು ಬಿಸಾಕಿದ್ದು ಹಡಗು ಹತ್ತಿ ಬಂದರೆ ಬಂದರಿನಲ್ಲಿ ಹೊಸ ಅಳಿಯನ ಉಪಚಾರ. ಅದನ್ನು ಪುಡಿ ಮಾಡಿದರೆ ಬ್ಲ್ಯಾಕ್ ಮಾಸ್ ಎಂಬ ಕರಿ ಹಿಟ್ಟು. ಹಿಟ್ಟನ್ನು ಆಸಿಡ್ಡಿನಲ್ಲಿ ನೆನೆಹಾಕಿ, ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸಿದರೆ ಮತ್ತೆ ಹೊಸ ಸ್ಕೂಟರಿನ ಸೆಲ್ಲು. ಇಂಥ ಕಾರ್ಖಾನೆಗಳಿಗೆಂದೇ 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಬೇರೆ.

2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ 2027-28ರಿಂದ ಇವಿ ಬ್ಯಾಟರಿಯ ಹೊಸ ಸೆಲ್ಲಿನಲ್ಲಿ ಶೇ. 5ರಷ್ಟು ಸ್ವದೇಶದಲ್ಲೇ ಮರುಬಳಕೆಯಿಂದ ತಯಾರಾದ ಮಾಲು ಇರಬೇಕು, 2030-31ಕ್ಕೆ ಶೇ. 20. ಹಳೆಯದನ್ನು ವಾಪಸು ಪಡೆಯುವ ಹೊಣೆ ತಯಾರಕರದು ಅಂತಲೂ ಅದರಲ್ಲಿದೆ. ಖುಷಿಯಾಗಿ ಪವರ್ ಬ್ಯಾಂಕಿನ ಕಂಪನಿಗೆ ಫೋನು ಮಾಡಿದೆ. ಹೊಸದು ಬೇಕಿದ್ದರೆ ಒಂದು ಒತ್ತಬೇಕಂತೆ. ಹಳೆಯದಕ್ಕೆ ಅಂಕಿಯೇ ಇರಲಿಲ್ಲ; ಒಂಬತ್ತರ ತನಕ ಒತ್ತಿ ನೋಡಿದೆ.

ಆಗ ಹೊಳೆಯಿತು ಉಪಾಯ. ಸಿಂಗಪುರದ ಬಾಮೈದ ರಜೆ ಮುಗಿಸಿ ಹೊರಟಿದ್ದ. "ಇದನ್ನ ಅಲ್ಲೇ ಕಸಕ್ಕೆ ಹಾಕಪ್ಪ. ಹಡಗಲ್ಲಿ ಸುಂಕ ಇಲ್ದೆ ವಾಪಸ್ ಬರ್ಲಿ" ಅಂದೆ.

"ಉಬ್ಬಿದ್ದನ್ನ ವಿಮಾನಕ್ಕೆ ಹತ್ತಿಸಲ್ಲ ಭಾವ" ಎನ್ನುತ್ತ ತನ್ನ ಬ್ಯಾಗಿನಿಂದ ಹಳೇ ಮೊಬೈಲೊಂದನ್ನು ತೆಗೆದ. "ಇದೂ ಡೆಡ್ಡು. ನಿಮ್ಮ ಡ್ರಾಯರಲ್ಲಿ ಜಾಗ ಇದ್ಯಾ?"

ಇಸಕೊಂಡೆ. ಸುಂಕ ಕೇಳಲಿಲ್ಲ.