ಮಾದರಿ ಒಂದೇ ಇದ್ದರೆ ಸಾಲದು, ಎಂಜಿನ್ ನೋಡಿ

ಎಲ್ಲ ವಿಮಾನಗಳೂ ಒಂದೇ ಮಾದರಿಯವಾಗಿದ್ದರೆ ಖರ್ಚು ತಗ್ಗಿ ವಿಮಾನಯಾನ ಸಂಸ್ಥೆ ಆರ್ಥಿಕವಾಗಿ ಸುರಕ್ಷಿತ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತನ್ನು ನಾನು ಒಪ್ಪಲಾರೆ. ಪೈಲಟ್ ತರಬೇತಿ, ಬಿಡಿಭಾಗಗಳ ದಾಸ್ತಾನು ಇವುಗಳ ಖರ್ಚು ಇಳಿಯುವುದು ನಿಜ. ಆದರೆ ಎಂಜಿನ್ನಿನ ಆಯ್ಕೆಯನ್ನು ಲೇಖನ ಪೂರ್ತಿ ಮರೆತಿದೆ. ಬಹುಪಾಲು ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್ನಿನ ಏರ್‌ಬಸ್ ಎ320 ನಿಯೋಗಳನ್ನೇ ನೆಚ್ಚಿಕೊಂಡಿದ್ದ ಗೋ ಫಸ್ಟ್ ವಿಮಾನಯಾನ ಸಂಸ್ಥೆ, ಬದಲಿ ಎಂಜಿನ್‌ಗಳು ಸಿಗದೆ ಅರ್ಧದಷ್ಟು ವಿಮಾನಗಳು ಹಾರಲಾಗದೆ ನಿಂತಿವೆ ಎಂದು ಹೇಳಿ 2023ರ ಮೇ ತಿಂಗಳಲ್ಲಿ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿತು. ಎಂಜಿನ್ ಕಳಚಿದ ವಿಮಾನ ವಾಲದಂತೆ, ಗಾಳಿಗೆ ಅಲುಗಾಡದಂತೆ ರೆಕ್ಕೆಯ ಕೆಳಗೆ ಭಾರದ ದಿಮ್ಮಿಗಳನ್ನು ತೂಗುಹಾಕಿ ನಿಲ್ಲಿಸುತ್ತಾರೆ. ಅದು ಹಾರದಿದ್ದರೂ ಗುತ್ತಿಗೆಯ ಬಾಡಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟುತ್ತಲೇ ಇರಬೇಕಾಗುತ್ತದೆ. ಇಂಡಿಗೊದ ಹಲವಾರು ವಿಮಾನಗಳೂ ಅದೇ ಎಂಜಿನ್ನಿನಿಂದ ನಿಂತವು, ಆದರೆ 2019ರಲ್ಲೇ ಅದು ಮುಂದಿನ ವಿಮಾನಗಳಿಗೆ ಸಿಎಫ್‌ಎಂ ಎಂಬ ಬೇರೆ ಕಂಪನಿಯ ಲೀಪ್ ಎಂಜಿನ್ ಆರಿಸಿಕೊಂಡಿದ್ದರಿಂದ ಪೆಟ್ಟನ್ನು ತಾಳಿಕೊಂಡಿತು. ಇನ್ನು ನಮ್ಮ ಮೈಸೂರಿನ ಸುಮಾರು 1,740 ಮೀಟರ್ ರನ್‌ವೇಗೆ ಎಟಿಆರ್ 72ರಂಥ ಚಿಕ್ಕ ವಿಮಾನವೇ ಬೇಕು. ಒಂದೇ ಮಾದರಿಯ ಹಟ ಹಿಡಿದಿದ್ದರೆ ಇಂಡಿಗೊ ಅಲ್ಲಿಗೆ ಬರುತ್ತಲೇ ಇರಲಿಲ್ಲ.