ಶೂ ಬಿಚ್ಚಿ ಬಂದು ಜಪ್ತಿ ಮಾಡಿ

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹಿಡಿದರೆ ಹಿಂದಿನ ಬಾಡಿಗೆದಾರರ ಕಾಗದಗಳೂ ಜೊತೆಗೆ ಬರುತ್ತವೆ. ನಾವಿರುವುದು ಲಂಡನ್ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರು. ಈ ಮನೆಯಲ್ಲಿ ಮೊದಲಿದ್ದವರ ಮುಖ ನಾವು ನೋಡಿಲ್ಲ. ಆದರೆ ಅವರ ಲಕೋಟೆಗಳನ್ನು ಹೊರಗಿನಿಂದ ನೋಡಿಯೇ ಅವರ ಜಾತಕ ಬರೆಯುವಷ್ಟು ತಿಳಿದುಕೊಂಡಿದ್ದೇವೆ. ಹಲ್ಲಿನ ಡಾಕ್ಟರು ಅವರಿಗಾಗಿ ಕಾಯುತ್ತಿದ್ದಾರೆ. ಜಿಮ್ಮಿನವರೂ ಕಾಯುತ್ತಿದ್ದಾರೆ. ಎಲ್ಲರಿಗಿಂತ ಜಾಸ್ತಿ ಕಾಯುತ್ತಿರುವುದು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ. ನಮ್ಮ ಮನೆಯಲ್ಲಿ ಅವರಿಗೆ ‘ಹಿಂದಿನವರು’ ಎಂದೇ ಹೆಸರು.

ಮೊದಮೊದಲು ಬಿಳಿ ಲಕೋಟೆ ಬರುತ್ತಿತ್ತು. ಬರಬರುತ್ತಾ ಕೆಂಪಕ್ಷರದ್ದು ಶುರುವಾಯಿತು. ‘ಇವರು ಈಗ ಇಲ್ಲಿಲ್ಲ’ ಎಂದು ಬರೆದು ಎಲ್ಲವನ್ನೂ ವಾಪಸ್ ಅಂಚೆಗೆ ಹಾಕುತ್ತಿದ್ದೆ. ಸಾಲದ್ದಕ್ಕೆ ಕೌನ್ಸಿಲ್ಲಿಗೆ ಫೋನೂ ಮಾಡಿದೆ.

“ನೀವು ಅವರೇನಾ?”

“ಅಲ್ಲ.”

“ಹಾಗಾದರೆ ಅವರ ಖಾತೆ ಬಗ್ಗೆ ನಿಮ್ಮ ಹತ್ತಿರ ಮಾತಾಡುವ ಹಾಗಿಲ್ಲ.”

“ನಾನು ಅವರಲ್ಲ ಅಂತ ನೀವೂ ಒಪ್ಪಿದಿರಲ್ಲ, ಅಷ್ಟನ್ನೇ ಬರೆದುಕೊಳ್ಳಿ.”

“ಅದನ್ನ ಅವರ ಖಾತೆಯಲ್ಲಿ ಬರೆಯಬೇಕು. ಅದಕ್ಕೆ ಅವರೇ ಫೋನ್ ಮಾಡಬೇಕು.”

2024ರ ಬೇಸಿಗೆಯಲ್ಲಿ ಹಾಸನದಿಂದ ಅಮ್ಮ ಬಂದಳು. ಕಾಗದದ ರಾಶಿ ನೋಡಿ ಇದೇನು ಎಂದು ಕೇಳಿದಳು. ಮನೆ ಕಂದಾಯ ಅಮ್ಮ, ಇಲ್ಲಿ ಬಾಡಿಗೆಗೆ ಇರುವವರೇ ಕಟ್ಟಬೇಕು ಎಂದೆ. ಅವಳು ನಂಬಲಿಲ್ಲ. ಹಾಸನದಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟು, ಕಂದಾಯವನ್ನು ಪ್ರತಿ ವರ್ಷ ತಾನೇ ಕಟ್ಟಿ ಬರುವವಳು ಅವಳು. “ಓನರ್ ಏನು ಮಾಡ್ತಾನೆ ಹಾಗಾದ್ರೆ?” ಎಂದಳು. ಬಾಡಿಗೆ ತಗೊಳ್ತಾನೆ ಎಂದೆ. ಇಂಥ ದೇಶದಲ್ಲಿ ತಾನು ಹುಟ್ಟಬೇಕಿತ್ತು ಎಂಬಂತೆ ಸುಮ್ಮನೆ ಕೂತಳು.

ಕೌನ್ಸಿಲ್ ಟ್ಯಾಕ್ಸ್ ಎಂಬ ಈ ಮನೆ ಕಂದಾಯದ ಕಥೆಯೇ ವಿಚಿತ್ರ. ಇದಕ್ಕೆ ಮೊದಲು ತಲೆಗಿಷ್ಟು ಎಂದು ಪೋಲ್ ಟ್ಯಾಕ್ಸ್ ಹಾಕಿದ್ದರು. ಅದನ್ನು ವಿರೋಧಿಸಿ 1990ರ ಮಾರ್ಚಿನಲ್ಲಿ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಗಲಾಟೆಯೇ ಆಯಿತು. ಅದೇ ವರ್ಷ ನವೆಂಬರಿನಲ್ಲಿ ಪ್ರಧಾನಿ ಥ್ಯಾಚರ್ ಕುರ್ಚಿ ಬಿಟ್ಟರು. 1993ರಲ್ಲಿ ಸರ್ಕಾರ ತಲೆ ಬಿಟ್ಟು ಮನೆಯನ್ನು ಹಿಡಿದುಕೊಂಡಿತು. ಮನೆಗಳಿಗೆ ಎ ಇಂದ ಎಚ್ ತನಕ ಬ್ಯಾಂಡ್. ಯಾವ ಬ್ಯಾಂಡ್ ಎಂದು ತೀರ್ಮಾನ ಮಾಡುವುದು 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಇತ್ತು ಎಂಬುದರ ಮೇಲೆ. ಇಂಗ್ಲೆಂಡಿನಲ್ಲಿ ಇವತ್ತಿಗೂ ಅದೇ ಲೆಕ್ಕ. ಹೋದ ವರ್ಷ ಕಟ್ಟಿದ ಮನೆಯಾದರೂ ಅಷ್ಟೇ, ಅದು ಆಗ ಇದ್ದಿದ್ದರೆ ಎಷ್ಟು ಬಾಳುತ್ತಿತ್ತು ಎಂದು ಊಹೆ ಮಾಡುತ್ತಾರೆ. ಏಪ್ರಿಲ್ 1 ಎಂಬುದನ್ನು ಯಾರೂ ತಮಾಷೆಗೆ ಇಟ್ಟಿದ್ದಲ್ಲ ಅಂತೆ.

ಅಮ್ಮ ಬಂದ ಮೇಲೆ ನಮ್ಮ ಬಾಗಿಲ ಮುಂದೆ ದಿನಾ ರಂಗೋಲಿ ಬೀಳತೊಡಗಿತು. ಬೆಳಿಗ್ಗೆ ತೆರೆದ ಬಾಗಿಲು ಮಧ್ಯಾಹ್ನದವರೆಗೆ ಹಾಕುತ್ತಿರಲಿಲ್ಲ. ಚಳಿ ಅಂದರೆ ಶಾಲು ಹೊದೆಯುತ್ತಿದ್ದಳು, ಬಾಗಿಲು ಮಾತ್ರ ಮುಚ್ಚುತ್ತಿರಲಿಲ್ಲ. ಬಾಗಿಲು ಹಾಕಿದ ಮನೆಗೆ ಲಕ್ಷ್ಮಿ ಬರಲ್ಲ ಎಂಬುದು ಅವಳ ವಾದ.

ಆ ಶನಿವಾರ ಬಂದಿದ್ದು ಲಕ್ಷ್ಮಿಯಲ್ಲ. ಬಾಕಿ ವಸೂಲಿಗೆ ಬಂದ ಬೇಲಿಫ್. 2014ರಿಂದ ಇವರನ್ನು ಕಾಗದದಲ್ಲಿ ಎನ್‌ಫೋರ್ಸ್‌ಮೆಂಟ್ ಏಜೆಂಟ್ ಎನ್ನುತ್ತಾರೆ, ಬೀದಿಯಲ್ಲಿ ಬೇಲಿಫ್ ಎಂದೇ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರೊಳಗೆ ಯಾವಾಗ ಬೇಕಾದರೂ ಬರಬಹುದು. ಇಲ್ಲಿಯ ಕಾನೂನು ಇಡೀ ನಿಂತಿರುವುದು ಹೊಸಿಲ ಮೇಲೆ. ಕೌನ್ಸಿಲ್ ಟ್ಯಾಕ್ಸಿನ ಬಾಕಿಗೆ ಮೊದಲ ಸಲ ಬಂದವನು ಬೀಗ ಒಡೆಯುವಂತಿಲ್ಲ. ಕಿಟಕಿ ಹತ್ತುವಂತಿಲ್ಲ. ಅಡ್ಡ ನಿಂತವರನ್ನು ತಳ್ಳಿಕೊಂಡು ನುಗ್ಗುವಂತಿಲ್ಲ. ಆದರೆ ಬಾಗಿಲು ತೆರೆದಿದ್ದರೆ, ಅಥವಾ ಬನ್ನಿ ಎಂದು ಯಾರಾದರೂ ಕರೆದರೆ, ಆರಾಮಾಗಿ ನಡೆದು ಒಳಗೆ ಬರಬಹುದು. ಬಂದು ಸಾಮಾನಿನ ಪಟ್ಟಿ ಮಾಡಿ, ಬಾಕಿ ಕಂತಿನಲ್ಲಿ ಕಟ್ಟುತ್ತೇನೆ ಎಂದು ನಿಮ್ಮಿಂದ ಸಹಿ ಹಾಕಿಸಿಕೊಂಡರೆ ಮುಗಿಯಿತು. ಆಮೇಲೆ ಕಂತು ತಪ್ಪಿದರೆ ಬೀಗ ಒಡೆದೂ ಬರಬಹುದು. ಅದಕ್ಕೇ ಸಲಹೆ ಕೇಂದ್ರದವರು ಮೊದಲು ಹೇಳುವ ಮಾತು, ಬಾಗಿಲು ತೆಗೆಯಬೇಡಿ ಅಂತ.

ನಮ್ಮ ಬಾಗಿಲು ಪೂರ್ತಿ ತೆರೆದಿತ್ತು. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ನಾನು ಮೇಲೆ ಸ್ನಾನ ಮಾಡುತ್ತಿದ್ದೆ. ತಲೆಯಲ್ಲಿ ಶಾಂಪೂ ಇದ್ದಾಗ ಕೆಳಗಿನಿಂದ ಅಮ್ಮನ ದನಿ ಕೇಳಿತು.

“ಕಮ್, ಕಮ್. ಸಿಟ್. ಕಾಫಿ?”

ಆಮೇಲೆ ಒಬ್ಬ ಗಂಡಸಿನ ದನಿ, ಹಿಂದಿನವರ ಹೆಸರು. ನನ್ನ ಎದೆ ಧಸಕ್ಕೆಂದಿತು. ಟವೆಲ್ ಸುತ್ತಿಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಅಮ್ಮನ ದನಿ ಇದ್ದಕ್ಕಿದ್ದಂತೆ ಜೋರಾಯಿತು.

“ಶೂ! ಶೂ! ನೋ ಶೂ!”

ಅವನು ಆರಡಿ ಮೀರಿದ ಆಳು. ಎದೆಯ ಮೇಲೆ ಕ್ಯಾಮೆರಾ, ಕೊರಳಲ್ಲಿ ಬಿಲ್ಲೆ. ಕಾಲಲ್ಲಿ ಕಣಕಾಲು ಮುಚ್ಚುವ ಬೂಟು. ಒಂದು ಕಾಲನ್ನು ಎತ್ತಿ ರಂಗೋಲಿಯ ಮೇಲೆ ಇಡಬೇಕೋ ಬೇಡವೋ ಎಂದು ಹಾಗೇ ನಿಂತಿದ್ದ. ಕೆಳಗೆ ಅಮ್ಮನ ಹನ್ನೊಂದು ಚುಕ್ಕಿಯ ರಂಗೋಲಿ, ಎದುರಿಗೆ ಅಮ್ಮ.

“ಬೂಟು ಬಿಚ್ಚೋ ಹಾಗಿಲ್ಲ ಮೇಡಂ. ಕಂಪನಿ ರೂಲ್ಸು,” ಎಂದ, ಬಹಳ ಮರ್ಯಾದೆಯಿಂದ.

ನಾನು ಕನ್ನಡ ಮಾಡಿ ಹೇಳಿದೆ. ಅಮ್ಮನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. “ಅವರ ರೂಲ್ಸು ಅವರಿಗೆ. ಹಾಗಾದ್ರೆ ಅಲ್ಲೇ ನಿಂತಿರು ಅನ್ನು. ಕಾಫಿ ಅಲ್ಲಿಗೇ ತರ್ತೀನಿ,” ಎಂದು ಒಳಗೆ ಹೋದಳು. ಇಂಗ್ಲೆಂಡಿನ ಪಾರ್ಲಿಮೆಂಟು ಕಷ್ಟಪಟ್ಟು ಬರೆದ ಕಾನೂನನ್ನು ಅಮ್ಮ ಓದಿಲ್ಲ. ಆದರೆ ಕಾನೂನು ಹೇಳುವ ಜಾಗದಲ್ಲೇ ಅವನನ್ನು ನಿಲ್ಲಿಸಿದ್ದಳು.

ಹಿಂದಿನವರು ನಾನಲ್ಲ ಎಂದು ಹೇಳಿದೆ. ಎಲ್ಲರೂ ಹಾಗೇ ಹೇಳ್ತಾರೆ ಸರ್ ಎಂದ. ಅದೂ ನಿಜವೇ ಇರಬೇಕು. ಬಾಡಿಗೆ ಕರಾರು, ನನ್ನ ಹೆಸರಿನ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ತೋರಿಸಿದರೆ ಸಾಕು ಎಂದ. ನಾನು ಬಟ್ಟೆ ಹಾಕಿಕೊಂಡು ಫೈಲು ಹುಡುಕಲು ಮೇಲೆ ಹೋದೆ. ಅಷ್ಟರೊಳಗೆ ಅಮ್ಮ ಹಾಸನಕ್ಕೆ ವಿಡಿಯೋ ಕಾಲ್ ಹಚ್ಚಿಬಿಟ್ಟಿದ್ದಳು. “ಅಣ್ಣಾ, ನಮ್ಮನೆಗೆ ಜಪ್ತಿಯವರು ಬಂದಿದ್ದಾರೆ!”

ಸೋದರಮಾವ ಕೋರ್ಟಿನಲ್ಲಿ ಅಮೀನರಾಗಿ ರಿಟೈರ್ ಆದವರು. ಅಲ್ಲಿ ಊಟದ ಹೊತ್ತು. ತಟ್ಟೆ ಮುಂದೆ ಕೂತಿದ್ದವರು ಕೈ ತೊಳೆದುಕೊಂಡು ಬಂದರು. ನಾನು ಫೈಲು ಹಿಡಿದು ಕೆಳಗಿಳಿದಾಗ ಫೋನು ಆ ಬೇಲಿಫನ ಕೈಯಲ್ಲಿತ್ತು. ಇನ್ನೊಂದು ಕೈಯಲ್ಲಿ ಸ್ಟೀಲ್ ಲೋಟ.

“ಸರ್, ಐ ಆಲ್ಸೋ ಸೇಮ್ ಡಿಪಾರ್ಟ್‌ಮೆಂಟ್. ರಿಟೈರ್ಡ್,” ಎನ್ನುತ್ತಿದ್ದರು ಮಾವ.

ಅಲ್ಲಿಂದ ಮುಂದೆ ನನಗೆ ಕೇವಲ ತರ್ಜುಮೆ ಕೆಲಸ. ಇಬ್ಬರೂ ನನ್ನನ್ನು ಮರೆತರು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಹುಟ್ಟುವ ತನಕ ಯಾರ ಮನೆಗೂ ಜಪ್ತಿಗೆ ಹೋಗುವಂತಿಲ್ಲ, ಸಿವಿಲ್ ಪ್ರೊಸೀಜರ್ ಕೋಡಿನಲ್ಲೇ ಇದೆ ಎಂದರು ಮಾವ. ಅವನಿಗೆ ಅದು ಬಹಳ ಹಿಡಿಸಿತು. ಆ ಕಾನೂನು ಇಲ್ಲಿಗೆ ಬಂದರೆ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಮನೆಗೆ ಹೋಗಬಹುದಿತ್ತು ಎಂದ. ಅಪಘಾತದ ಪರಿಹಾರ ಕೊಡದ ಸರ್ಕಾರಿ ಬಸ್ಸನ್ನು ಸ್ಟ್ಯಾಂಡಿನಲ್ಲೇ ಜಪ್ತಿ ಮಾಡಿದ್ದು, ಭೂಸ್ವಾಧೀನದ ದುಡ್ಡು ಬಾಕಿ ಉಳಿಸಿದ ಆಫೀಸಿನಿಂದ ಸಾಹೇಬರ ಕುರ್ಚಿ, ಕಂಪ್ಯೂಟರು ಹೊತ್ತುಕೊಂಡು ಬಂದದ್ದು, ಎಲ್ಲ ಹೇಳಿದರು. ಸರ್ಕಾರದ ಕುರ್ಚಿಯನ್ನೇ ಎತ್ತಬಹುದಾ ಎಂದು ಅವನು ಎರಡು ಸಲ ಕೇಳಿದ. ಪಾಪ, ಅವನಿಗೆ ಸಿಗುವುದು ಬಡವರ ಟಿವಿ ಮಾತ್ರ.

ಜೈಲಿನ ಮಾತೂ ಬಂತು. ಇಂಗ್ಲೆಂಡಿನಲ್ಲಿ ಬೇಕೆಂದೇ ಕೌನ್ಸಿಲ್ ಟ್ಯಾಕ್ಸ್ ಕಟ್ಟದವರನ್ನು ಮೂರು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಪಕ್ಕದ ವೇಲ್ಸಿನಲ್ಲಿ 2019ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮ ಸಿವಿಲ್ ಜೈಲೂ ಮೂರೇ ತಿಂಗಳು ಎಂದರು ಮಾವ. “ಆದ್ರೆ ಸಾಲಗಾರನ ಊಟದ ಬತ್ತಾ ಸಾಲ ಕೊಟ್ಟವನೇ ಕಟ್ಬೇಕು. ಕಟ್ಟದಿದ್ರೆ ಬಿಟ್ಟುಬಿಡ್ತಾರೆ.” ಇದನ್ನು ಇಂಗ್ಲಿಷಿಗೆ ತಂದಾಗ ಬೇಲಿಫ್ ನಕ್ಕು, ಕಾಫಿ ರಂಗೋಲಿಯ ಮೇಲೆ ಚೆಲ್ಲಿತು. ಅಮ್ಮ ಏನೂ ಅನ್ನಲಿಲ್ಲ. ಅಷ್ಟು ಹೊತ್ತಿಗೆ ಅವನು ಅವಳ ಲೆಕ್ಕದಲ್ಲಿ ಅಣ್ಣನ ಸಹೋದ್ಯೋಗಿ.

ಕೊನೆಗೆ ಮಾವ ಫೀಸು ವಿಚಾರಿಸಿದರು. ಅವನು ಆಗಿನ ದರವನ್ನು ಮುಚ್ಚುಮರೆ ಇಲ್ಲದೆ ಹೇಳಿದ. ಕೇಸು ಕೈಗೆ ಬಂದು ನೋಟಿಸು ಕಳಿಸಿದರೆ 75 ಪೌಂಡ್. ಮನೆಗೆ ಬಂದರೆ ಇನ್ನೂ 235. ಸಾಮಾನು ಹರಾಜಿಗೆ ಹೋದರೆ ಮತ್ತೆ 110. ಎಲ್ಲ ಬಾಕಿದಾರನ ತಲೆಗೆ.

“235 ಅಂದ್ರೆ?”

“25 ಸಾವಿರ ರೂಪಾಯಿ ಆಗುತ್ತೆ ಮಾವ.”

ಮಾವ ತುಂಬ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತು ಎಂದುಕೊಂಡೆ. “ನಮಗೆ ಬಸ್ ಚಾರ್ಜು ಗಿಟ್ಟೋದೇ ಕಷ್ಟ ಇತ್ತಲ್ಲೋ,” ಎಂದರು.

ನನಗೆ ಬೇರೆಯೇ ಲೆಕ್ಕ ಹೊಳೆಯಿತು. ಆ ವರ್ಷ ಇಂಗ್ಲೆಂಡಿನಲ್ಲಿ ಡಿ ಬ್ಯಾಂಡಿನ ಸರಾಸರಿ ಕೌನ್ಸಿಲ್ ಟ್ಯಾಕ್ಸ್ 2,171 ಪೌಂಡ್. ಸಾಮಾನ್ಯವಾಗಿ ಅದನ್ನು ಹತ್ತು ಕಂತಲ್ಲಿ ಕಟ್ಟುತ್ತಾರೆ, ಕಂತಿಗೆ 217. ಅಂದರೆ ಬಾಗಿಲು ತಟ್ಟಿದ ಫೀಸು ಒಂದು ಕಂತಿಗಿಂತ ಜಾಸ್ತಿ. ಕಂತು ತಪ್ಪಿದ ಕೂಡಲೇ ನೆನಪೋಲೆ ಬರುತ್ತದೆ. ಏಳು ದಿನದಲ್ಲಿ ಕಟ್ಟದಿದ್ದರೆ ಕಂತಿನ ಅನುಕೂಲ ಹೋಗಿ ವರ್ಷದ ಬಾಕಿ ಪೂರ್ತಿ ಒಟ್ಟಿಗೆ ಕಟ್ಟಿ ಎನ್ನುತ್ತಾರೆ. 217 ಇಲ್ಲದವನ ಹತ್ತಿರ 2,000 ಎಲ್ಲಿಂದ ಬರಬೇಕು? ಬರುವುದಿಲ್ಲ. ಆಗ ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸು, ಅದರ ಖರ್ಚು. ಆಮೇಲೆ ಇವನ 75, ಇವನ 235. ಇದನ್ನು ಮಾಡಿದವರಿಗೆ ವಸೂಲಿ ಬೇಕಿತ್ತೋ ಬಾಕಿ ಬೇಕಿತ್ತೋ, ನನಗಂತೂ ಅನುಮಾನ. ಹಿಂದಿನವರ ಮೇಲೆ ಅಷ್ಟು ದಿನ ಇದ್ದ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಜಿಮ್ಮಿಗೆ ಯಾಕೆ ಹೋಗಲಿಲ್ಲ ಎಂಬುದೂ ಅರ್ಥವಾಯಿತು.

ಅಮ್ಮನ ಚಿಂತೆ ಗ್ರೈಂಡರಿನದು. ನನ್ನ ಮದುವೆಯಾದ ವರ್ಷ ಬಟ್ಟೆಗಳ ನಡುವೆ ಸುತ್ತಿ, ವಿಮಾನದಲ್ಲಿ ಲಗೇಜಿನ ಜಗಳ ಮಾಡಿ ತಂದ ಟೇಬಲ್ ಟಾಪ್ ಗ್ರೈಂಡರ್. “ಅದನ್ನ ತಗೊಂಡು ಹೋಗ್ತಾನಾ ಕೇಳು.” ನಾವು ಬಾಕಿದಾರರೇ ಅಲ್ಲ ಅಮ್ಮ ಎಂದರೂ ಬಿಡಲಿಲ್ಲ. ಕೇಳಿದೆ. ಬಟ್ಟೆ, ಹಾಸಿಗೆ, ಒಲೆ, ಫ್ರಿಜ್ಜು, ವಾಷಿಂಗ್ ಮೆಷಿನ್ನು ಮುಟ್ಟುವಂತಿಲ್ಲ ಎಂದ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಊಟದ ಕುರ್ಚಿ ಬಿಡಬೇಕು. ಸಾಕಿದ ನಾಯಿ, ಬೆಕ್ಕು ಬಿಡಬೇಕು. ಕಸುಬಿನ ಸಾಮಾನು 1,350 ಪೌಂಡಿನವರೆಗೆ ಬಿಡಬೇಕು. ಮೈಕ್ರೋವೇವ್ ಪಟ್ಟಿಯಲ್ಲಿದೆ. ಅಕ್ಕಿ ರುಬ್ಬುವ ಕಲ್ಲು ಇಲ್ಲ.

“ನಮ್ಮಲ್ಲಿ ಅರವತ್ತನೇ ಸೆಕ್ಷನ್ನು,” ಮಾವ ಫೋನಿನಿಂದಲೇ ಕೈ ಎತ್ತಿದರು. “ಅಡಿಗೆ ಪಾತ್ರೆ, ಬಟ್ಟೆ, ಹಾಸಿಗೆ, ರೈತನ ನೇಗಿಲು, ಹೆಂಗಸರ ಮಾಂಗಲ್ಯ, ಯಾವುದೂ ಮುಟ್ಟೋ ಹಾಗಿಲ್ಲ. ಗ್ರೈಂಡರ್ ಅಡಿಗೆ ಪಾತ್ರೆನೇ. ಹೇಳು ಅವನಿಗೆ.”

ಹೇಳಿದೆ. ಮನೆಯ ಮೂಲ ಅಗತ್ಯಕ್ಕೆ ಬೇಕಾದ ಸಾಮಾನು ಎಂದು ವಾದ ಮಾಡಬಹುದು ಎಂದ. ದೋಸೆ ನಮ್ಮ ಮೂಲ ಅಗತ್ಯ ಎಂದು ಅಮ್ಮ ಅಡುಗೆ ಮನೆಯಿಂದ ಒಂದನ್ನು ತಟ್ಟೆಯಲ್ಲಿ ತಂದು ಸಾಕ್ಷಿ ಒದಗಿಸಿದಳು. ಅವನು ನಿಂತಲ್ಲೇ ತಿಂದ. ಕ್ಯಾಮೆರಾ ಎಲ್ಲವನ್ನೂ ದಾಖಲು ಮಾಡಿತು.

ಕರಾರು ಪತ್ರ, ಬಿಲ್ಲು ನೋಡಿ ಅವನು ತನ್ನ ಯಂತ್ರದಲ್ಲಿ ಏನೋ ಒತ್ತಿದ. ಈ ವಿಳಾಸಕ್ಕೆ ಮತ್ತೆ ಬರುವುದಿಲ್ಲ ಎಂದ. ಹೋಗುವಾಗ ಮಾತ್ರ ತಗ್ಗಿದ ದನಿಯಲ್ಲಿ ಒಂದು ಬುದ್ಧಿ ಹೇಳಿದ. “ಸರ್, ಮುಂದೆ ಯಾರೇ ಬಂದರೂ ತಾಯಿಗೆ ಬಾಗಿಲು ತೆಗೆಯಬೇಡಿ ಅಂತ ಹೇಳಿ. ಗುರುತಿನ ಚೀಟಿಯನ್ನು ಲೆಟರ್‌ಬಾಕ್ಸಿನ ಸೀಳಿನಲ್ಲಿ ಒಳಗೆ ಹಾಕಿ ಅಂತ ಕೇಳಬೇಕು. ಎಲ್ಲರೂ ನನ್ನ ಹಾಗೆ ಇರಲ್ಲ.”

ಅಮ್ಮ ಇದನ್ನು ಮಂತ್ರದ ಹಾಗೆ ಕಲಿತಳು. ತನ್ನ ಅಣ್ಣನ ಇಲಾಖೆಯವನೇ ಹೇಳಿದ ಮಾತಲ್ವಾ? ಮಾರನೆಯ ದಿನದಿಂದ ಬಾಗಿಲಿಗೆ ಚಿಲಕ, ಚಿಲಕದ ಮೇಲೆ ಸರಪಳಿ. ಲಕ್ಷ್ಮಿ ಹಿತ್ತಲ ಬಾಗಿಲಿಂದ ಬರಲಿ ಎಂದಳು.

ಎರಡು ವಾರದ ಮೇಲೆ ಬಾಯ್ಲರಿನ ವಿಷಯವಾಗಿ ಮನೆ ಓನರ್ ಬಂದರು. ಬರುತ್ತೇನೆಂದು ನನಗೆ ಮೆಸೇಜು ಹಾಕಿದ್ದರು, ಅಮ್ಮನಿಗೂ ಹೇಳಿ ಆಫೀಸಿಗೆ ಹೋಗಿದ್ದೆ. ಹೊರಗೆ ಮಳೆ. ಸಂಜೆ ನಾನು ಬರುವ ಹೊತ್ತಿಗೆ ಅವರು ಹೊರಟುಹೋಗಿದ್ದರು. ಫೋನ್ ಮಾಡಿ ಕ್ಷಮೆ ಕೇಳಿದೆ. ಬೇಜಾರೇನಿಲ್ಲ, ಡ್ರೈವಿಂಗ್ ಲೈಸೆನ್ಸನ್ನು ಸೀಳಿನಲ್ಲಿ ಒಳಗೆ ಹಾಕಿದೆ, ಸ್ವಲ್ಪ ಹೊತ್ತಿಗೆ ಅದೇ ಸೀಳಿನಲ್ಲಿ ವಾಪಸ್ ಬಂತು, ಬಾಗಿಲು ಮಾತ್ರ ತೆರೆಯಲಿಲ್ಲ ಎಂದರು.

ಅಮ್ಮನನ್ನು ಕೇಳಿದೆ, ಲೈಸೆನ್ಸು ನೋಡಿದ ಮೇಲೂ ಯಾಕೆ ತೆಗೆಯಲಿಲ್ಲ ಅಂತ.

“ಫೋಟೋದಲ್ಲಿ ತಲೆ ತುಂಬ ಕೂದಲಿತ್ತು ಕಣೋ,” ಎಂದಳು. “ಕಿಟಕಿಯಿಂದ ನೋಡ್ದೆ. ಹೊರಗೆ ನಿಂತೋನಿಗೆ ಒಂದೂ ಇರಲಿಲ್ಲ.”