ಒಂದು ಚಿಟಿಕೆ ಉಸಿಪಾ, ಇಪ್ಪತ್ತೆಂಟು ಅಂಕ

ಆಫ್ರಿಕದ ಮಲಾವಿ ದೇಶದ ದಕ್ಷಿಣ ಭಾಗ, ಮಚಿಂಗ ಜಿಲ್ಲೆಯ ಒಂದು ಹಳ್ಳಿ. ಫೆಬ್ರವರಿ ತಿಂಗಳು, ಮಳೆ ಬಿಟ್ಟೂ ಬಿಡದಂಥ ಬೆಳಗು. ಮಣ್ಣಿನ ಜಗುಲಿಯ ಮೇಲೆ ಮನೆಯೊಡತಿ ಕೂತಿದ್ದಾರೆ, ಎದುರಿಗೆ ಟ್ಯಾಬ್ಲೆಟ್ ಹಿಡಿದ ನಮ್ಮ ಸರ್ವೆ ಹುಡುಗ. "ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಮೀನು ತಿಂದಿರಿ, ಅಮಾಯಿ?" ಅಮಾಯಿ ಅಂದರೆ ಇಲ್ಲಿ ತಾಯಿ, ಹೆಂಗಸರನ್ನು ಗೌರವದಿಂದ ಕರೆಯುವ ಮಾತು. "ಏಳೂ ದಿನ" ಅಂದರು. ಹುಡುಗ 7 ಒತ್ತಿ ಮುಂದಿನ ಪ್ರಶ್ನೆಗೆ ಹೋದ.

ನಾನು ಒಲೆಯ ಕಡೆ ನೋಡಿದೆ. ಅಲ್ಲೊಂದು ತಗಡಿನ ತಟ್ಟೆಯಲ್ಲಿ ಒಣಗಿಸಿದ ಉಸಿಪಾ ಇತ್ತು. ಮಲಾವಿ ಸರೋವರದ ಸಣ್ಣ ಮೀನು, ಕಿರುಬೆರಳಿಗಿಂತ ಚಿಕ್ಕದು. ಎಣಿಸಿದರೆ ಹನ್ನೆರಡೋ ಹದಿಮೂರೋ. ಮನೆಯಲ್ಲಿ ಆರು ಜನ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಅಂದರೆ ನ್ಸಿಮಾದ ಜೊತೆ ನಂಜಿಕೊಳ್ಳಲು ತಲೆಗೆರಡು. ಅದೂ ದಿನಕ್ಕೆ ಒಂದೇ ಹೊತ್ತು.

ಈಗ ಲೆಕ್ಕ ಕೇಳಿ. ವಿಶ್ವ ಆಹಾರ ಕಾರ್ಯಕ್ರಮದವರು ಬಳಸುವ ಆಹಾರ ಸೇವನೆ ಅಂಕ ಎಂಬುದೊಂದಿದೆ. ವಾರದಲ್ಲಿ ಎಷ್ಟು ದಿನ ಯಾವ ಬಗೆಯ ಆಹಾರ ತಿಂದರು ಎಂದು ಕೇಳಿ, ಒಂದೊಂದಕ್ಕೆ ಒಂದೊಂದು ತೂಕ ಕೊಡುತ್ತಾರೆ. ಧಾನ್ಯ, ಗೆಡ್ಡೆಗಳಿಗೆ 2, ಬೇಳೆಕಾಳಿಗೆ 3, ತರಕಾರಿಗೆ 1, ಹಣ್ಣಿಗೆ 1, ಮಾಂಸ ಮೀನಿಗೆ 4, ಹಾಲಿಗೆ 4, ಎಣ್ಣೆ ಸಕ್ಕರೆಗೆ ಅರ್ಧರ್ಧ. ಒಟ್ಟು 21ರವರೆಗೆ ಬಂದರೆ 'ಕಳಪೆ', 35 ದಾಟಿದರೆ 'ಪರವಾಗಿಲ್ಲ', ನಡುವಿನದು ಅಂಚಿನ ಸ್ಥಿತಿ. ಆ ಅಮಾಯಿಯ ಮನೆಯಲ್ಲಿ ಏಳು ದಿನವೂ ನ್ಸಿಮಾ: 14. ಏಳು ದಿನವೂ ಕುಂಬಳದ ಎಲೆ: 7. ಒಟ್ಟು 21, ಕಳಪೆ. ಹುಡುಗ ಮೀನಿಗೆ 7 ಒತ್ತಿದನಲ್ಲ, ಅದಕ್ಕೆ ಇನ್ನೊಂದು 28. ಈಗ 49. ಕುಟುಂಬ ನೆಗೆದು 'ಪರವಾಗಿಲ್ಲ' ಗುಂಪಿಗೆ ಹೋಯಿತು, ನಡುವಿನ ಮೆಟ್ಟಿಲನ್ನೂ ಮುಟ್ಟದೆ. ಹೊಟ್ಟೆ ಇದ್ದಲ್ಲೇ ಇತ್ತು.

ಹೀಗೆ ನಂಜಿಕೊಳ್ಳುವಷ್ಟೇ ತಿಂದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಕೈಪಿಡಿಯಲ್ಲಿ ಸ್ಪಷ್ಟವಾಗಿದೆ. ಆ ಹುಡುಗನಿಗೆ ತರಬೇತಿಯಲ್ಲಿ ಹೇಳಿಯೂ ಇದ್ದೆವು, ಮಧ್ಯಾಹ್ನದ ಊಟದ ನಂತರದ ತೂಕಡಿಕೆಯ ಹೊತ್ತಿನಲ್ಲಿ. ತಪ್ಪು ಅವನದಲ್ಲ. ದಿನಕ್ಕೆ ಎಂಟು ಮನೆ ಮುಗಿಸಬೇಕು, ಒಂದೊಂದು ಮನೆಯಲ್ಲೂ ನೂರಕ್ಕೂ ಹೆಚ್ಚು ಪ್ರಶ್ನೆ.

ಮಲಾವಿಯ ಬ್ಲಾಂಟೈರ್ ನಗರಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ನನ್ನ ಕೆಲಸಕ್ಕೆ ಇಲ್ಲಿ 'ಎಂ ಅಂಡ್ ಇ' ಅನ್ನುತ್ತಾರೆ. ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ ಎಂದು ಕನ್ನಡ ಮಾಡಿ ಹೇಳಿದರೆ ನಮ್ಮವರು ಯಾವುದೋ ಪರೀಕ್ಷಾ ಮಂಡಳಿಯ ಕೆಲಸ ಅಂದುಕೊಳ್ಳುತ್ತಾರೆ. ಹೊರದೇಶದ ದುಡ್ಡಿನಲ್ಲಿ ನಡೆಯುವ ಆಹಾರ ಭದ್ರತೆಯ ಯೋಜನೆಗಳಿಂದ ಹಸಿವು ಕಡಿಮೆಯಾಯಿತೇ ಎಂದು ಅಳೆಯುವುದು ನಮ್ಮ ಕೆಲಸ. ಇಷ್ಟು ವರ್ಷ ಅಳೆದ ಮೇಲೆ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಅಳತೆಗೋಲಿನ ತಪ್ಪಿಗಿಂತ ದೊಡ್ಡ ತಪ್ಪೊಂದಿದೆ. ಅಳೆದದ್ದನ್ನು ಅಳೆಸಿಕೊಂಡವರಿಗೆ ನಾವು ಓದಿ ಹೇಳುವುದಿಲ್ಲ.

ಹಿಂದೆ ಇಷ್ಟು ಅಳೆಯುವುದೂ ಇರಲಿಲ್ಲ ಅನ್ನಿ. ಹೊರದೇಶಗಳಿಗೆ ಧಾನ್ಯ ಕಳಿಸುವ ಅಮೆರಿಕದ ಪಿಎಲ್-480 ಕಾಯ್ದೆ ಬಂದದ್ದು 1954ರಲ್ಲಿ. ಭಾರತ ಅದರ ದೊಡ್ಡ ಗಿರಾಕಿಯಾಗಿತ್ತು. ಬರದ ಆ 1965-67ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳಿಗೆ ತಿಂಗಳು ತಿಂಗಳು ಒಪ್ಪಿಗೆ ಕೊಡುತ್ತ ಹಗ್ಗ ಬಿಗಿಹಿಡಿದಿದ್ದರು. ಅವರು ನೋಡುತ್ತಿದ್ದದ್ದು ದೆಹಲಿಯ ಕೃಷಿ ನೀತಿ ಯಾವ ಕಡೆ ತಿರುಗುತ್ತಿದೆ ಎಂಬುದನ್ನು. ಗೋಧಿ ತಿಂದವರನ್ನು ಯಾರೂ ಏನೂ ಕೇಳಲಿಲ್ಲ. ಎಷ್ಟು ಟನ್ ಇಳಿಯಿತು ಎಂಬುದೇ ಫಲಿತಾಂಶ. ಮುಂದೆ 1993ರಲ್ಲಿ ಸರ್ಕಾರಿ ಖರ್ಚಿನ ಫಲ ಏನೆಂದು ತೋರಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದ ಮೇಲೆ, ಟನ್ ಲೆಕ್ಕ ಸಾಲದೆಂದು ಹಸಿವನ್ನೇ ಅಳೆಯುವ ಪ್ರಶ್ನೆಪಟ್ಟಿಗಳು ಹುಟ್ಟಿಕೊಂಡವು. ಅದು ಒಳ್ಳೆಯದೇ. ಅದಿಲ್ಲದಿದ್ದರೆ ನನಗೆ ಕೆಲಸವೂ ಇರುತ್ತಿರಲಿಲ್ಲ.

ಆದರೆ ಪ್ರಶ್ನೆ ಕೇಳುವ ಭಾಷೆಯೇ ಬೇರೆ, ಉತ್ತರ ಕೊಡುವ ಭಾಷೆಯೇ ಬೇರೆ. ಮನೆಯ ಹಸಿವನ್ನು ಅಳೆಯುವ ಮೂರು ಪ್ರಶ್ನೆಗಳ ಪಟ್ಟಿಯೊಂದಿದೆ. ಮೊದಲನೆಯದು: ಕಳೆದ ನಾಲ್ಕು ವಾರದಲ್ಲಿ ಮನೆಯಲ್ಲಿ ತಿನ್ನಲು ಯಾವ ಬಗೆಯ ಆಹಾರವೂ ಇಲ್ಲದ ದಿನ ಇತ್ತೇ? ಮಲಾವಿಯಲ್ಲಿ ನ್ಸಿಮಾ ಉಣ್ಣದಿದ್ದರೆ ಉಂಡಂತೆ ಲೆಕ್ಕವೇ ಇಲ್ಲ. ಡಿಸೆಂಬರಿನಲ್ಲಿ ಕಣಜ ಬರಿದಾಗುವ ಹೊತ್ತಿಗೇ ಮಾವು ಹಣ್ಣಾಗುತ್ತದೆ. ಮೂರು ದಿನ ಬರೀ ಮಾವಿನಹಣ್ಣು ತಿಂದವರು "ಹೌದು, ಆಹಾರ ಇರಲಿಲ್ಲ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳಲ್ಲ. ನಮ್ಮ ಕೈಪಿಡಿಯ ಮಟ್ಟಿಗೆ ತಪ್ಪು ಉತ್ತರ. ಸಾಲದ್ದಕ್ಕೆ ಮಚಿಂಗದಲ್ಲಿ ಮನೆಮಾತು ಚಿಯಾವೊ, ನಮ್ಮ ಪ್ರಶ್ನೆಪಟ್ಟಿ ಚಿಚೆವಾದಲ್ಲಿ.

ಅದಕ್ಕಿಂತ ದೊಡ್ಡ ಎಡವಟ್ಟು ತಿಂಗಳಿನದು. ಇಲ್ಲಿ ಕೊಯ್ಲು ಏಪ್ರಿಲ್, ಮೇನಲ್ಲಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಸಿವಿನ ಕಾಲ, ಆಗ ಗಂಡಸರು ಹೆಂಗಸರು 'ಗಾನ್ಯು' ಅಂದರೆ ಬೇರೆಯವರ ಹೊಲದ ಬಿಡಿಗೂಲಿಗೆ ಹೋಗುತ್ತಾರೆ. ಸ್ವಂತ ಹೊಲದ ಕಳೆ ಹಾಗೇ ಬೆಳೆಯುತ್ತದೆ, ಮುಂದಿನ ವರ್ಷದ ಹಸಿವಿಗೆ ಅದೇ ಬೀಜ. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಆರಂಭದ ಸರ್ವೆ ಜನವರಿ ಕೊನೆಗೆ ನಡೆಯಿತು. ಐದು ವರ್ಷದ ನಂತರದ ಕೊನೆಯ ಸರ್ವೆಯೂ ಅದೇ ತಿಂಗಳಲ್ಲಿ ನಡೆಯಬೇಕೆಂಬುದು ನಿಯಮ, ಎಲ್ಲರಿಗೂ ಗೊತ್ತಿರುವ ನಿಯಮ. ಟೆಂಡರು ತಡವಾಯಿತು, ಸಹಿ ತಡವಾಯಿತು, ಗಾಡಿಗಳು ಹಳ್ಳಿ ಮುಟ್ಟಿದಾಗ ಜೂನ್. ಪ್ರತಿ ಅಂಗಳದಲ್ಲೂ ಮೆಕ್ಕೆಜೋಳದ ತೆನೆ ಒಣಗುತ್ತಿತ್ತು. ವರದಿಯಲ್ಲಿ ಹಸಿವು ಗಣನೀಯವಾಗಿ ಇಳಿದಿತ್ತು. ಸರ್ವೆಯ ತಿಂಗಳು ಬೇರೆಯಾಗಿತ್ತೆಂಬ ಮಾತು ಕೊನೆಯ ಅನುಬಂಧದಲ್ಲಿ ಒಂದೂವರೆ ಸಾಲಿನಲ್ಲಿ ಇತ್ತು. ಅದನ್ನು ಬರೆದವನು ನಾನೇ. ಅಷ್ಟಕ್ಕೇ ಸುಮ್ಮನಾದವನೂ ನಾನೇ.

ಆ ಹಳ್ಳಿಯ ಯಾವ ಮಗುವಾದರೂ ಆ ತಪ್ಪನ್ನು ಒಂದು ಕ್ಷಣದಲ್ಲಿ ಹಿಡಿಯುತ್ತಿತ್ತು. ಯಾರೂ ಕೇಳಲಿಲ್ಲ. ನಮ್ಮ ವರದಿಗಳಲ್ಲಿ ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇನ್ನೊಂದು ಬಗೆಯ ಪರೀಕ್ಷೆ ಇದೆ, ಪಡಿ ಹಂಚಿದ ಮೇಲೆ ಮನೆಮನೆಗೆ ಹೋಗಿ ಕೇಳುವುದು. ಎಲ್ ನಿನೊ ಬರದ 2016ರಲ್ಲಿ ಈ ಸಣ್ಣ ದೇಶದಲ್ಲಿ 65 ಲಕ್ಷಕ್ಕೂ ಹೆಚ್ಚು ಜನಕ್ಕೆ ನೆರವು ಬೇಕೆಂದು ಅಂದಾಜಾಯಿತು. ಆಯ್ಕೆಯಾದ ಮನೆಗೆ ತಿಂಗಳಿಗೆ 50 ಕಿಲೋ ಮೆಕ್ಕೆಜೋಳ. ಮರುವಾರ ನಾವು ಹೋಗಿ ಕೇಳಿದರೆ ಎಷ್ಟೋ ಮನೆಯಲ್ಲಿ 25 ಕಿಲೋ ಮಾತ್ರ ಇತ್ತು. ಉಳಿದದ್ದು? ಲಾರಿ ಹೊರಟ ಸಂಜೆಯೇ ಹಳ್ಳಿಯ ಮುಖ್ಯಸ್ಥರು ಎಲ್ಲರನ್ನೂ ಸೇರಿಸಿ, ಬಕೆಟ್ಟಿನಲ್ಲಿ ಅಳೆದು, ಪಟ್ಟಿಯಲ್ಲಿ ಹೆಸರಿಲ್ಲದ ಮನೆಗಳಿಗೂ ಹಂಚಿಸಿದ್ದರು. ನಮ್ಮ ಫಾರಂನಲ್ಲಿ ಇದಕ್ಕಿದ್ದ ಹೆಸರು 'ಸೋರಿಕೆ'. ಮುಖ್ಯಸ್ಥರ ಮಾತು ನೆನಪಿದೆ: "ನೀವು ಲಾರಿ ಹತ್ತಿ ಹೋಗುತ್ತೀರಿ. ಪಕ್ಕದ ಮನೆಯವನ ಹೊಗೆ ಏಳದ ಒಲೆಯನ್ನು ದಿನಾ ನೋಡುವವನು ನಾನು." ಹಾಗಂತ ಹಂಚಿಕೆ ಯಾವಾಗಲೂ ಧರ್ಮದಿಂದಲೇ ನಡೆಯುತ್ತದೆ ಅನ್ನಲಾರೆ. ಮುಖ್ಯಸ್ಥರ ತಂಗಿಯ ಮನೆಗೆ ಎರಡು ಬಕೆಟ್ ಹೆಚ್ಚು ಹೋದದ್ದನ್ನೂ ಕಂಡಿದ್ದೇನೆ. ಆದರೆ ಹಂಚಿಕೊಂಡದ್ದು ಯಾವುದು, ಕದ್ದದ್ದು ಯಾವುದು ಎಂದು ಬೇರ್ಪಡಿಸಲು ಆ ಹಳ್ಳಿಗೆ ಬರುತ್ತದೆ, ನಮ್ಮ ಫಾರಂಗೆ ಬರುವುದಿಲ್ಲ.

ನಿಜವಾದ ಕಳವು ನಡೆದಾಗ ಏನಾಯಿತು ಎಂಬುದಕ್ಕೆ ಇಥಿಯೋಪಿಯಾ ನೋಡಿ. ನೆರವಿನ ಧಾನ್ಯ ಸಂತೆಯಲ್ಲಿ ಮಾರಾಟಕ್ಕಿದ್ದದ್ದು ಬಯಲಾಗಿ, 2023ರ ಮೇನಲ್ಲಿ ಅಲ್ಲಿನ ಟಿಗ್ರೈ ಪ್ರದೇಶಕ್ಕೆ, ಜೂನ್‌ನಲ್ಲಿ ಇಡೀ ದೇಶಕ್ಕೆ ಅಮೆರಿಕ ಆಹಾರ ನೆರವು ನಿಲ್ಲಿಸಿತು. ವಿಶ್ವ ಆಹಾರ ಕಾರ್ಯಕ್ರಮವೂ ನಿಲ್ಲಿಸಿತು. ಕದ್ದವರಿಗೂ ಹಸಿದವರಿಗೂ ಒಂದೇ ಶಿಕ್ಷೆ, ಅದೂ ತಿಂಗಳುಗಟ್ಟಲೆ. ವರ್ಷಗಟ್ಟಲೆ ಮೇಲ್ವಿಚಾರಣೆಯ ವರದಿಗಳು ಮೇಲಕ್ಕೆ ಹೋಗುತ್ತಲೇ ಇದ್ದವು.

ಇಲ್ಲೇ ನನಗೆ ನಮ್ಮ ದೇಶದ ಒಂದು ಪದ್ಧತಿ ನೆನಪಾಗುವುದು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಲ್ಲಿ ಶುರುಮಾಡಿದ ಜನಸುನವಾಯಿ, ಅಂದರೆ ಊರವರ ಮುಂದಿನ ಬಹಿರಂಗ ವಿಚಾರಣೆ. ಮಾಡಿದ್ದು ಇಷ್ಟೇ: ಬರ ಕಾಮಗಾರಿಯ ಹಾಜರಿ ಪಟ್ಟಿ, ಬಿಲ್ಲು ವೋಚರುಗಳನ್ನು ಶಾಮಿಯಾನದ ಕೆಳಗೆ ಊರವರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರಿಗೆ ಕೂಲಿ ಹೋಗಿದ್ದರೆ ಅಲ್ಲಿ ಕೂತವರು ಎದ್ದು ನಿಂತು ಹೇಳಿದರು. ಸ್ಯಾಂಪಲ್ ಇಲ್ಲ, ಸಲಹೆಗಾರರಿಲ್ಲ. ಮುಂದೆ ಅದೇ ಬಗೆ 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಮಿನಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಯಾಗಿ ಸೇರಿತು. ಅದು ನಮ್ಮಲ್ಲಿ ಹಾಲು ಜೇನಿನಂತೆ ನಡೆಯಿತು ಅಂತಲ್ಲ. ಸಿಕ್ಕಿಬಿದ್ದ ಹಣದಲ್ಲಿ ವಾಪಸು ಬಂದದ್ದು ಅಲ್ಪ, ಎಷ್ಟೋ ಕಡೆ ಸಭೆ ನಡೆದದ್ದು ಕಾಗದದ ಮೇಲೆ. ಆದರೂ ಲೆಕ್ಕವನ್ನು ಯಾರ ಮುಂದೆ ಓದಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು. ನಾವು ಇಲ್ಲಿ ಬರೆಯುವ ವರದಿಯ ಮೊದಲ ಓದುಗ ವಾಷಿಂಗ್ಟನ್ನಿನಲ್ಲೋ ಬ್ರಸೆಲ್ಸಿನಲ್ಲೋ ಇರುತ್ತಾನೆ. ಎರಡನೆಯ ಓದುಗ ಇರುವುದೇ ಇಲ್ಲ.

ಇದನ್ನು ಹೇಳಿದರೆ ಸಂಖ್ಯಾಶಾಸ್ತ್ರದ ಗೆಳೆಯರು ಮೂಗು ಮುರಿಯುತ್ತಾರೆ. ಅವರ ಆಕ್ಷೇಪ ಪೊಳ್ಳಲ್ಲ. ಒಂದು ಹಳ್ಳಿಯಲ್ಲಿ ನಾವು ಮಾತಾಡಿಸುವುದು ಹತ್ತಿಪ್ಪತ್ತು ಮನೆ, ಅದರಿಂದ ಆ ಹಳ್ಳಿಯ ಚಿತ್ರ ಸಿಗುವುದಿಲ್ಲ, ಇಡೀ ಯೋಜನೆಯ ಪ್ರದೇಶದ್ದು ಮಾತ್ರ ಸಿಗುತ್ತದೆ. ಯಾರ ಮನೆಯಲ್ಲಿ ಏನು ತಿಂದರೆಂದು ಬಹಿರಂಗವಾಗಿ ಓದುವುದು ಮಾನ ಕಳೆದಂತೆ. ಮುಖ್ಯಸ್ಥರ ಎದುರು ಹೆಂಗಸರು ಬಾಯಿ ಬಿಡುವುದಿಲ್ಲ. ಎಲ್ಲ ಒಪ್ಪಿದೆ. ಮನೆಯ ಲೆಕ್ಕ ಓದಬೇಡಿ, ಒಟ್ಟು ಫಲಿತಾಂಶ ಓದಿ. ಗಂಡಸರಿಗೊಂದು ಸಭೆ, ಹೆಂಗಸರಿಗೊಂದು ಸಭೆ ಮಾಡಿ. "ನಾವು ಹೀಗೆ ಬರೆದಿದ್ದೇವೆ, ನಿಮ್ಮಲ್ಲಿ ಇದು ನಿಜವೇ?" ಎಂದು ಕೇಳಿ. ಅಂಕಿಗೆ ಇದು ಬದಲಿಯಲ್ಲ. ಅಂಕಿ ಮೇಲಕ್ಕೆ ಹೋಗುವ ಮೊದಲು ಒಮ್ಮೆ ಕೆಳಗಿನವರ ಕಿವಿಯ ಮೇಲೆ ಬೀಳಲಿ ಅಂತಷ್ಟೇ. ಅದಕ್ಕೆ ಬಜೆಟ್‌ನಲ್ಲಿ ಸಾಲಿಲ್ಲ ಅನ್ನುವವರು, ಹೋಟೆಲಿನ ವರದಿ ಬಿಡುಗಡೆ ಸಮಾರಂಭಕ್ಕೆ ಸಾಲು ಹುಡುಕುತ್ತಾರೆ.

ನಾನು ಒಂದೇ ಸಲ ಇದನ್ನು ಮಾಡಿನೋಡಿದ್ದು, 2019ರಲ್ಲಿ, ಬಲಾಕ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಅನುಮತಿ ಕೇಳಿರಲಿಲ್ಲ, ಕೇಳಿದ್ದರೆ ಸಿಗುತ್ತಿರಲಿಲ್ಲ. ತೊಂಬತ್ತು ಪುಟದ ಇಂಗ್ಲಿಷ್ ವರದಿ ಕೈಯಲ್ಲಿ ಹಿಡಿದು, ಸಹೋದ್ಯೋಗಿಯೊಬ್ಬರ ಬಾಯಲ್ಲಿ ಚಿಚೆವಾಗೆ ತಿರುಗಿಸುತ್ತ ಹೋದೆ. ಮಾವಿನ ಮರದ ಕೆಳಗೆ ನಲವತ್ತು ಜನ. ಆಹಾರ ಸೇವನೆ ಸುಧಾರಿಸಿದೆ ಅಂದಾಗ ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು, "ಯಾವ ತಿಂಗಳಲ್ಲಿ?" ಜೂನ್ ಅಂದೆವು. ಸಭೆ ಘೊಳ್ಳೆಂದು ನಕ್ಕಿತು. ಆಮೇಲೆ ನಗು ನಿಂತು ಒಂದೂವರೆ ಗಂಟೆ ಮಾತಾಯಿತು. ಕೊಟ್ಟ ಬೀಜ ಮೊಳೆಯದ್ದು, ತೌಡು ಕುದಿಸಿ ಕುಡಿದ ವರ್ಷ, ಆಡು ಹಂಚಿದಾಗ ವಿಧವೆಯರ ಹೆಸರು ಬಿಟ್ಟುಹೋದದ್ದು. ಬರೆದುಕೊಳ್ಳಲು ಫಾರಂ ಇರಲಿಲ್ಲ. ವರದಿಯ ಹಿಂಬದಿಯ ಖಾಲಿ ಪುಟದಲ್ಲೇ ಸಹೋದ್ಯೋಗಿ ಚಿಚೆವಾದಲ್ಲಿ ಗೀಚಿದರು. ಆ ಪ್ರತಿ ನಮಗೆ ಬೇಕು ಎಂದು ಮುಖ್ಯಸ್ಥರು ಇಸಿದುಕೊಂಡರು. ಕೊಟ್ಟು ಬಂದೆ.

2025ರ ಜನವರಿಯಲ್ಲಿ ಅಮೆರಿಕದ ವಿದೇಶಿ ನೆರವು ಏಕಾಏಕಿ ನಿಂತಿತು. ಇಥಿಯೋಪಿಯಾದ 1984ರ ಕ್ಷಾಮದ ನಂತರ, 1985ರಲ್ಲಿ ಶುರುವಾಗಿದ್ದ ಕ್ಷಾಮ ಮುನ್ಸೂಚನೆ ಜಾಲ ಫ್ಯೂಸ್‌ನೆಟ್‌ನ ವೆಬ್‌ಸೈಟ್ ಆ ತಿಂಗಳ ಕೊನೆಗೆ ಕೆಲವು ತಿಂಗಳ ಮಟ್ಟಿಗೆ ಕಣ್ಮರೆಯಾಯಿತು. ಜುಲೈ 1ಕ್ಕೆ ಆ ನೆರವನ್ನು ನಡೆಸುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ಅದಕ್ಕೂ ಮೊದಲೇ ದಶಕಗಳ ಮೌಲ್ಯಮಾಪನ ವರದಿಗಳನ್ನಿಟ್ಟಿದ್ದ ಅದರ ಜಾಲತಾಣ ಕಾಣೆಯಾಗಿತ್ತು. ಬೇಕಾದವರು ಮೊದಲೇ ಇಳಿಸಿಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಇಳಿಸಿಕೊಂಡಿರಲಿಲ್ಲ. ಹಳೆಯ ಲ್ಯಾಪ್‌ಟಾಪ್ ಯಾವಾಗಲೋ ಕೆಟ್ಟಿತ್ತು.

ಮೊನ್ನೆ ಆ ಬಲಾಕದ ವರದಿ ಒಂದು ಕೆಲಸಕ್ಕೆ ಬೇಕಾಯಿತು. ಎಲ್ಲೂ ಸಿಗದೆ, ಕೊನೆಗೆ ಮುಖ್ಯಸ್ಥರಿಗೇ ಫೋನ್ ಮಾಡಿದೆ. ತಗಡಿನ ಪೆಟ್ಟಿಗೆ ತೆಗೆಯುವ ಸದ್ದು ಕೇಳಿಸಿತು, ಪುಟ ತಿರುವುವ ಸದ್ದೂ. "ಇದೆ" ಅಂದರು. "ನಡುವಿನ ಪುಟಗಳು ಹೊಗೆಸೊಪ್ಪು ಸುತ್ತಲು ಹೋಗಿವೆ, ಬೇಜಾರು ಮಾಡಿಕೊಳ್ಳಬೇಡಿ. ಹಿಂದುಗಡೆ ನಾವು ಬರೆಸಿದ ಪುಟ ಹಾಗೇ ಇಟ್ಟಿದ್ದೇವೆ."